ಯುದ್ಧ ಶುರುವಾದ ಮೇಲೆ ನಮ್ಮನ್ನು ಹುಡುಕಬೇಡಿ: ಇಸ್ರೇಲಿನಿಂದ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ ಹಾಗೂ ಕರಾವಳಿ ಕ್ಷೇತ್ರಗಳ ಮಾನ್ಯ ಸಂಸದರಿಗೆ

ವಿಷಯ: ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಕನ್ನಡಿಗರ ಸುರಕ್ಷತೆ, ವಿಮೆ ಮತ್ತು ಸಾಲದ ಕುರಿತು

ಮಾನ್ಯರೇ,

ನಾನು ಕುಂದಾಪುರ ತಾಲ್ಲೂಕಿನವಳು. ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಕೆಲವು ವರ್ಷಗಳಿಂದ ಟೆಲ್ ಅವೀವ್ ಸಮೀಪದ ಪಟ್ಟಣದಲ್ಲಿ ವೃದ್ಧರ ಮನೆಯಲ್ಲೇ ಇದ್ದುಕೊಂಡು ಅವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದಾಗ ಈ ದೇಶದಲ್ಲಿ ಸುಮಾರು 18,000 ಭಾರತೀಯರಿದ್ದರು. ಅವರಲ್ಲಿ ಹೆಚ್ಚಿನವರದು ಇದೇ ಕೆಲಸ. ಉಡುಪಿ, ದಕ್ಷಿಣ ಕನ್ನಡದವರು ಎಷ್ಟು ಮಂದಿ ಎಂದು ತಿಳಿಯಲು ರಜೆಯ ದಿನ ಟೆಲ್ ಅವೀವಿನ ಕೇಂದ್ರ ಬಸ್ ನಿಲ್ದಾಣದ ಕಡೆಗೆ ಹೋದರೆ ಸಾಕು; ತುಳು, ಕೊಂಕಣಿ, ಕುಂದಾಪುರದ ಕನ್ನಡ ಮೂರೂ ಒಂದೇ ತಿರುವಿನಲ್ಲಿ ಕಿವಿಗೆ ಬೀಳುತ್ತವೆ. ಆದರೆ ಇಷ್ಟು ವರ್ಷಗಳಲ್ಲಿ ನಮ್ಮ ಜಿಲ್ಲೆಯ ಯಾವ ಕಚೇರಿಯೂ ನನ್ನ ಹೆಸರು, ವಿಳಾಸ ಕೇಳಿ ಬರೆದುಕೊಂಡಿಲ್ಲ. ನನ್ನ ಪರಿಚಯದವರ ಅನುಭವವೂ ಇದೇ.

ಇಲ್ಲಿ ಕ್ಷಿಪಣಿ ಬಿದ್ದಾಗ ಮಾತ್ರ ನಾವು ಎಲ್ಲರಿಗೂ ನೆನಪಾಗುತ್ತೇವೆ. ವಾಹಿನಿಗಳು ಮೈಕು ಹಿಡಿದು ನಮ್ಮ ಮನೆಗಳ ಅಂಗಳಕ್ಕೆ ಬರುತ್ತವೆ. "ಕರಾವಳಿಯವರೆಲ್ಲ ಸುರಕ್ಷಿತ" ಎಂಬ ಸಾಲು ಪತ್ರಿಕೆಯಲ್ಲಿ ಬರುತ್ತದೆ. ಕದನ ವಿರಾಮ ಘೋಷಣೆಯಾದ ಮರುದಿನವೇ ಎಲ್ಲವೂ ತಣ್ಣಗಾಗುತ್ತದೆ. ಹಾಗಾಗಿ ಸುದ್ದಿಯಲ್ಲಿ ನಾವು ಇಲ್ಲದಿರುವ ದಿನಗಳಲ್ಲೇ ಈ ಪತ್ರ ಬರೆಯುತ್ತಿದ್ದೇನೆ. ವಿಶೇಷ ವಿಮಾನ ಕಳುಹಿಸಿ ಎಂದು ನಾನು ಕೇಳುತ್ತಿಲ್ಲ.

ಮೊದಲು ನಮ್ಮ ದಿನಚರಿ ಹೇಗಿರುತ್ತದೆ ಎಂದು ಹೇಳಬೇಕು. ಅದು ಗೊತ್ತಿಲ್ಲದೆ ಮುಂದಿನ ಮಾತುಗಳು ಅರ್ಥವಾಗುವುದಿಲ್ಲ.

ಟೆಲ್ ಅವೀವ್ ಭಾಗದಲ್ಲಿ ಸೈರನ್ ಮೊಳಗಿದರೆ ಅಡಗಲು ಇರುವುದು ಒಂದೂವರೆ ನಿಮಿಷ. ಅಶ್ಕೆಲಾನ್‌ನಲ್ಲಿ ಅರ್ಧ ನಿಮಿಷ. ಗಾಜಾ ಗಡಿಯ ಸ್ದೆರೋತ್‌ನಲ್ಲಿ ಹದಿನೈದು ಸೆಕೆಂಡು. ಇರಾನಿನಿಂದ ಬರುವ ಕ್ಷಿಪಣಿಯಾದರೆ ಅದಕ್ಕೂ ಮೊದಲೇ ಮೊಬೈಲು ಕರ್ಕಶವಾಗಿ ಅರಚಿ ಎಚ್ಚರಿಸುತ್ತದೆ. ಕೆಲವು ನಿಮಿಷ ಹೆಚ್ಚು ಸಿಗುತ್ತದೆ. ಆರೋಗ್ಯವಂತರಿಗೆ ಒಂದೂವರೆ ನಿಮಿಷ ಧಾರಾಳ. ಆದರೆ ನಮ್ಮ ಕೈಯಲ್ಲಿರುವುದು ಎಂಬತ್ತು ದಾಟಿದ, ಸೊಂಟದ ಮೂಳೆ ಮುರಿದ, ಗಾಲಿಕುರ್ಚಿಯಿಲ್ಲದೆ ಕದಲಲಾಗದ ಜೀವ. ನಾನು ಈಗ ನೋಡಿಕೊಳ್ಳುತ್ತಿರುವ ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಲು, ಬಟ್ಟೆಯ ಜೋಲಿಯಲ್ಲಿ ಎತ್ತುವ ಯಂತ್ರ ಬೇಕು. ಜೋಲಿಯನ್ನು ಬೆನ್ನ ಕೆಳಗೆ ಸರಿಸಿ, ನಾಲ್ಕು ಕೊಕ್ಕೆ ಸಿಕ್ಕಿಸಿ, ಎತ್ತಿ, ಕುರ್ಚಿಗೆ ಇಳಿಸುವಷ್ಟರಲ್ಲಿ ಆ ಒಂದೂವರೆ ನಿಮಿಷ ಎರಡು ಸಲ ಮುಗಿದಿರುತ್ತದೆ. ದಾಳಿಯ ಹೊತ್ತಿನಲ್ಲಿ ಅಡಗಲು ಮನೆಯೊಳಗೇ ಕಟ್ಟಿರುವ ರಕ್ಷಣಾ ಕೋಣೆಯ ಬಾಗಿಲಿನ ಕಬ್ಬಿಣದ ಹೊಸ್ತಿಲು ನೆಲದಿಂದ ಎರಡು ಬೆರಳು ಮೇಲಿದೆ. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಅಲ್ಲಿ ತಡೆದು ನಿಲ್ಲುತ್ತವೆ. ಆದ್ದರಿಂದ ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಎಳೆದುಕೊಂಡೇ ಒಳಗೆ ಹೋಗಬೇಕು. ಇದನ್ನು ನನಗೆ ಯಾರೂ ತರಬೇತಿಯಲ್ಲಿ ಕಲಿಸಿಲ್ಲ. ನಾವು ಒಬ್ಬರಿಗೊಬ್ಬರು ವಾಟ್ಸ್‌ಆಪ್‌ನಲ್ಲಿ ಹೇಳಿಕೊಟ್ಟು ಕಲಿತಿದ್ದೇವೆ.

2025ರ ಜೂನ್‌ನಲ್ಲಿ ಇರಾನಿನೊಂದಿಗೆ ಯುದ್ಧ ನಡೆದಾಗ ಅಜ್ಜಿಯ ಹಾಸಿಗೆಯನ್ನೇ ಆ ಕೋಣೆಗೆ ಸಾಗಿಸಿದೆವು. ನಾನು ನೆಲದ ಮೇಲೆ ಮಲಗಿದೆ. ಸ್ನಾನಕ್ಕೆ ಬೆಳಗು, ಸಂಜೆ ಎಂಬ ಲೆಕ್ಕವಿರಲಿಲ್ಲ. ಒಂದು ಸುತ್ತು ಕ್ಷಿಪಣಿ ಬಂದು ಹೋದ ತಕ್ಷಣವೇ ಅಜ್ಜಿಗೆ ನೀರು ಹಾಕುತ್ತಿದ್ದೆ, ಮುಂದಿನ ಸುತ್ತಿಗೆ ಸ್ವಲ್ಪ ಹೊತ್ತಿದೆ ಎಂಬ ಧೈರ್ಯದಲ್ಲಿ. ಒಮ್ಮೆ ಆ ಲೆಕ್ಕವೂ ತಪ್ಪಿ, ತಲೆಗೆ ಸೋಪು ಹಚ್ಚಿದ ಸ್ಥಿತಿಯಲ್ಲೇ ಅವರಿಗೆ ಟವೆಲ್ ಸುತ್ತಿ ಎಳೆದುಕೊಂಡು ಹೋದೆ. ಹೊರಗೆ ಕಿಟಕಿಗಳು ನಡುಗುತ್ತಿದ್ದವು, ಒಳಗೆ ಅಜ್ಜಿ ಚಳಿಗೆ ನಡುಗುತ್ತಿದ್ದರು. ಅವರಿಗೆ ಮರೆವಿನ ಕಾಯಿಲೆ. ಪ್ರತಿ ಸೈರನ್ನಿಗೂ ಏನಾಯಿತು ಎಂದು ಹೊಸದಾಗಿ ಕೇಳುತ್ತಾರೆ, ನಾನು ಹೊಸದಾಗಿ ಹೇಳುತ್ತೇನೆ.

ಇಷ್ಟಾದರೂ ನಾನು ಅದೃಷ್ಟವಂತೆ. ಈ ಮನೆಯಲ್ಲಿ ಅಂಥ ಕೋಣೆ ಒಂದಿದೆ. 1991ರಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳು ಟೆಲ್ ಅವೀವಿನ ಮೇಲೆ ಬಿದ್ದ ನಂತರ, ಹೊಸದಾಗಿ ಕಟ್ಟುವ ಮನೆಗಳಲ್ಲಿ ದಪ್ಪ ಕಾಂಕ್ರೀಟಿನ, ಉಕ್ಕಿನ ಬಾಗಿಲು ಕಿಟಕಿಯ ಕೋಣೆಯನ್ನು ಇಲ್ಲಿಯ ಸರ್ಕಾರ ಕಡ್ಡಾಯ ಮಾಡಿತು. ಅದಕ್ಕಿಂತ ಹಳೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿಯೇ ನಮ್ಮ ಕೆಲಸದ ದೊಡ್ಡ ಅಪಾಯ ಅಡಗಿದೆ. ಕೇರ್‌ಗಿವರ್ ಬೇಕಾಗುವುದು ವಯಸ್ಸಾದವರಿಗೆ. ವಯಸ್ಸಾದವರು ಇರುವುದು ಹೆಚ್ಚಾಗಿ ಮದುವೆಯಾದ ಕಾಲದಲ್ಲಿ ಕೊಂಡ ಹಳೆಯ ಮನೆಗಳಲ್ಲಿ. ನನ್ನ ಮೊದಲ ಕೆಲಸ ಅಂಥ ಮನೆಯಲ್ಲಿತ್ತು. ಮೂರನೆಯ ಮಹಡಿ, ಲಿಫ್ಟ್ ಇಲ್ಲ, ಸಾರ್ವಜನಿಕ ಆಶ್ರಯತಾಣ ಬೀದಿಯ ಆಚೆ ಕೊನೆಗೆ. ನಾನು ನೋಡಿಕೊಳ್ಳುತ್ತಿದ್ದ ಅಜ್ಜ ಪ್ರತಿ ಸಲವೂ "ನೀನು ಓಡು, ನನಗೆ ಬದುಕಿದ್ದು ಸಾಕಾಗಿದೆ" ಎನ್ನುತ್ತಿದ್ದರು. ಅವರನ್ನು ಬಿಟ್ಟು ಓಡಲು ಆಗುವುದೇ? ಕಿಟಕಿಯಿಲ್ಲದ ಒಳಗಿನ ಪಡಸಾಲೆಯಲ್ಲಿ ಗೋಡೆಗೆ ಅಂಟಿಕೊಂಡು ಇಬ್ಬರೂ ಕೂರುತ್ತಿದ್ದೆವು.

2021ರ ಮೇ ತಿಂಗಳಲ್ಲಿ ಅಶ್ಕೆಲಾನ್‌ನಲ್ಲಿ ರಾಕೆಟ್ ಬಿದ್ದು ತೀರಿಕೊಂಡ ಕೇರಳದ ಇಡುಕ್ಕಿಯ ಸಹೋದರಿ ಇಂಥದ್ದೇ ಮನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ರಕ್ಷಣಾ ಕೋಣೆ ಇರಲಿಲ್ಲ, ಆಶ್ರಯತಾಣಕ್ಕೆ ಓಡಲು ಒಂದು ನಿಮಿಷವಾದರೂ ಬೇಕಿತ್ತು, ಜೊತೆಗಿದ್ದದ್ದು ಎಂಬತ್ತು ವರ್ಷದ ಅಜ್ಜಿ. ಅರ್ಧ ನಿಮಿಷದ ಊರಿನಲ್ಲಿ ಒಂದು ನಿಮಿಷದ ದೂರ. ಇದನ್ನು ವಿಧಿಯಾಟ ಎಂದು ಸುಮ್ಮನಾಗುವವರು ಆಗಲಿ, ನಾನು ಆಗಲಾರೆ. ಆ ಮನೆಯಲ್ಲಿ ಕೋಣೆ ಇದೆಯೇ ಇಲ್ಲವೇ ಎಂಬುದು ಕೆಲಸದ ಒಪ್ಪಂದಕ್ಕೆ ಸಹಿ ಬೀಳುವ ದಿನವೇ ಗೊತ್ತಾಗಬಹುದಾದ ಸಂಗತಿ. ನನ್ನ ಒಪ್ಪಂದದಲ್ಲಿ ಸಂಬಳ, ರಜೆ, ಊಟ, ಮಲಗುವ ಜಾಗ ಎಲ್ಲವೂ ಇತ್ತು. ಸೈರನ್ ಮೊಳಗಿದರೆ ಎಲ್ಲಿಗೆ ಹೋಗಬೇಕು ಎಂಬ ಒಂದು ಸಾಲು ಇರಲಿಲ್ಲ.

ಇದನ್ನು ಬರೆಯುವಾಗ ಗಾಜಾದ ನೆನಪು ಬಾರದಿರಲು ಸಾಧ್ಯವಿಲ್ಲ. ಇಲ್ಲಿಂದ ಕಾರಿನಲ್ಲಿ ಹೋದರೆ ಎಷ್ಟೂ ದೂರವಿಲ್ಲದ ಆ ಜಾಗದಲ್ಲಿ ಜನರಿಗೆ ಸೈರನ್ನೂ ಇಲ್ಲ, ಕಾಂಕ್ರೀಟ್ ಕೋಣೆಯೂ ಇಲ್ಲ. ಅಲ್ಲಿಯ ಅಜ್ಜಿಯರನ್ನು ಯಾರು ಎತ್ತುತ್ತಾರೆ ಎಂದು ನಾನು ರಾತ್ರಿ ಯೋಚಿಸಿದ್ದೇನೆ. ಊರಿನಲ್ಲಿ ಕೆಲವರು ನಮ್ಮನ್ನು ಈ ಕಡೆಯ ಧ್ವಜವೆಂದೂ, ಕೆಲವರು ಆ ಕಡೆಯ ದ್ರೋಹಿಗಳೆಂದೂ ಮಾಡಿಕೊಂಡು ಜಗಳವಾಡುತ್ತಾರೆ. ದಯವಿಟ್ಟು ನಮ್ಮನ್ನು ಅದರಿಂದ ಬಿಡಿಸಿ. ನಾವು ಬಂದದ್ದು ದುಡಿಯಲು.

ಮಾನ್ಯರೇ, ಈಗ ನನ್ನ ದೂರಿಗೆ ಬರುತ್ತೇನೆ.

2023ರ ಅಕ್ಟೋಬರ್‌ನಲ್ಲಿ ಭಾರತ ಸರ್ಕಾರ ಆಪರೇಷನ್ ಅಜಯ್ ನಡೆಸಿತು. ಆರು ವಿಮಾನಗಳಲ್ಲಿ ಸುಮಾರು 1,300 ಮಂದಿ ಮರಳಿದರು. ಅವರಲ್ಲಿ ವಿದ್ಯಾರ್ಥಿಗಳು ಬಹಳ. 2025ರ ಜೂನ್‌ನಲ್ಲಿ ಆಪರೇಷನ್ ಸಿಂಧು ನಡೆಯಿತು. ಆಗ ಇಲ್ಲಿಯ ವಿಮಾನ ನಿಲ್ದಾಣ ಮುಚ್ಚಿತ್ತು, ಜನರನ್ನು ರಸ್ತೆಯಲ್ಲಿ ಜೋರ್ಡಾನ್ ಮತ್ತು ಈಜಿಪ್ಟ್ ದಾಟಿಸಿ ಕರೆದೊಯ್ದರು. ಎರಡಕ್ಕೂ ಕೃತಜ್ಞತೆ ಹೇಳುತ್ತೇನೆ, ಅದರಲ್ಲಿ ವ್ಯಂಗ್ಯವಿಲ್ಲ. ಆದರೆ 18,000 ಮಂದಿಯಲ್ಲಿ 1,300 ಮಂದಿ ಮಾತ್ರ ವಿಮಾನ ಹತ್ತಿದ್ದು ಏಕೆ ಎಂದು ಯಾರಾದರೂ ವಿಚಾರಿಸಿದರೇ? ನಾವು ಉಳಿದದ್ದನ್ನು ಧೈರ್ಯ, ಸೇವಾಭಾವ ಎಂದು ಹೊಗಳಿದರು. ಸೇವಾಭಾವ ಇಲ್ಲವೆಂದಲ್ಲ. ಅಜ್ಜಿಯನ್ನು ಬಿಟ್ಟು ಬರಲು ಮನಸ್ಸು ಒಪ್ಪುವುದಿಲ್ಲ ಎಂಬುದೂ ನಿಜ. ಆದರೆ ಹೆಚ್ಚಿನವರನ್ನು ಇಲ್ಲಿ ಕಟ್ಟಿಹಾಕಿರುವುದು ಊರಿನ ಸಾಲ.

ನಾನು ಬರುವಾಗ ಏಜೆಂಟನಿಗೆ ಕೊಟ್ಟದ್ದು ಲಕ್ಷಗಟ್ಟಲೆ. ರಸೀದಿ ಇಲ್ಲ. ನಮ್ಮ ದೇಶದ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಈ ಮಾತನ್ನು ನಮ್ಮ ಕಡೆ ಹೇಳಿದರೆ ಜನ ನಗುತ್ತಾರೆ. ನನಗಾಗಿ ಅಪ್ಪ ಜಾಗದ ದಾಖಲೆಗಳನ್ನು ಸೊಸೈಟಿಯಲ್ಲಿ ಇಟ್ಟರು, ಅಮ್ಮ ಕರಿಮಣಿ ಬಿಟ್ಟು ಉಳಿದ ಚಿನ್ನವನ್ನೆಲ್ಲ ಅಡವಿಟ್ಟರು. ಇಲ್ಲಿಯ ಕನಿಷ್ಠ ವೇತನ ತಿಂಗಳಿಗೆ ಆರು ಸಾವಿರ ಶೆಕೆಲ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಹೆಚ್ಚು. ಮಂಗಳೂರಿನ ಆಸ್ಪತ್ರೆಯಲ್ಲಿ ಇಷ್ಟು ಸಂಬಳ ನನಗೆ ಕನಸಿನಲ್ಲೂ ಬಂದಿರಲಿಲ್ಲ. ಆದರೆ ಆ ದುಡ್ಡು ಮೊದಲ ವರ್ಷಗಳಲ್ಲಿ ಹೋಗುವುದು ಕಂತಿಗೆ ಮತ್ತು ಬಡ್ಡಿಗೆ. ಬಂದ ವರ್ಷವೇ ಯುದ್ಧವಾದರೆ ವಿಮಾನ ಹತ್ತಿ ಮನೆಗೆ ಹೋದವಳ ಎದುರು ನಿಲ್ಲುವುದು ಸೊಸೈಟಿಯ ನೋಟಿಸು. ಕ್ಷಿಪಣಿಗಾದರೆ ಒಂದೂವರೆ ನಿಮಿಷದ ಎಚ್ಚರಿಕೆಯಾದರೂ ಸಿಗುತ್ತದೆ, ಬಡ್ಡಿಗೆ ಸೈರನ್ ಇಲ್ಲ.

ಇನ್ನೊಂದು ಕಟ್ಟು ವೀಸಾದ್ದು. ನಮ್ಮ ಪರವಾನಗಿ ನಿಂತಿರುವುದು ನಾವು ನೋಡಿಕೊಳ್ಳುವ ವ್ಯಕ್ತಿಯ ಮೇಲೆ. 2024ರ ಮಾರ್ಚ್‌ನಲ್ಲಿ ಲೆಬನಾನ್ ಗಡಿಯ ಮಾರ್ಗಲಿಯೋತ್‌ನಲ್ಲಿ ತೋಟದ ಕೆಲಸದಲ್ಲಿದ್ದ ಕೊಲ್ಲಂನ ಯುವಕನೊಬ್ಬ ಕ್ಷಿಪಣಿಗೆ ಬಲಿಯಾದ. ಮರುದಿನ ನಮ್ಮ ರಾಯಭಾರ ಕಚೇರಿ, ಗಡಿ ಭಾಗದಲ್ಲಿರುವ ಭಾರತೀಯರು ದೇಶದೊಳಗೆ ಸುರಕ್ಷಿತ ಜಾಗಗಳಿಗೆ ತೆರಳಬೇಕು ಎಂದು ಸೂಚನೆ ಹೊರಡಿಸಿತು. ಸೂಚನೆ ಸರಿಯಾಗಿಯೇ ಇತ್ತು. ಆದರೆ ಮಾಲೀಕನ ತೋಟ ಗಡಿಯಲ್ಲಿದ್ದರೆ, ನೋಡಿಕೊಳ್ಳುವ ಅಜ್ಜನ ಮನೆ ಗಡಿಯಲ್ಲಿದ್ದರೆ, ಕೆಲಸಗಾರ ತೆರಳುವುದು ಎಲ್ಲಿಗೆ? ಯಾರ ಮನೆಗೆ? ಯಾವ ಪರವಾನಗಿಯ ಮೇಲೆ? ಊರಿಗೆ ಹೋದರೆ ಮರಳಿ ಬರುವಷ್ಟರಲ್ಲಿ ಆ ಕೆಲಸಕ್ಕೆ ಬೇರೆಯವರು ಬಂದಿರುತ್ತಾರೆ ಎಂಬ ಭಯ ಪ್ರತಿಯೊಬ್ಬರಲ್ಲೂ ಇದೆ. 2023ರ ಅಕ್ಟೋಬರ್ 7ರಂದು ಗಾಜಾ ಗಡಿಯ ತೋಟಗಳಲ್ಲಿ ಮೂವತ್ತಕ್ಕೂ ಹೆಚ್ಚು ಥಾಯ್ ಕಾರ್ಮಿಕರು ಕೊಲೆಯಾದರು. ಹಲವರು ಒತ್ತೆಯಾಳುಗಳಾದರು. ಅವರ ಪೈಕಿ ಈ ಯುದ್ಧದ ಯಾವ ಪಕ್ಷಕ್ಕೂ ಸೇರಿದವರು ಒಬ್ಬರೂ ಇರಲಿಲ್ಲ. ಅದಾದ ಮೇಲೆ ಪ್ಯಾಲೆಸ್ತೀನಿ ಕಾರ್ಮಿಕರಿಗೆ ಇಸ್ರೇಲ್ ಬಾಗಿಲು ಮುಚ್ಚಿತು, ಕಟ್ಟಡ ಕೆಲಸಕ್ಕೆ ಭಾರತದಿಂದ ಜನ ಬಂದರು. 2024ರ ಜನವರಿಯಲ್ಲಿ ಹರಿಯಾಣದ ರೋಹ್ಟಕ್‌ನಲ್ಲಿ ಚಳಿಯಲ್ಲಿ ಸಾಲು ನಿಂತ ಯುವಕರ ಚಿತ್ರಗಳನ್ನು ತಾವೂ ನೋಡಿರುತ್ತೀರಿ.

ಸಂಸದರಲ್ಲಿ ನನ್ನ ಪ್ರಶ್ನೆ ಕಾನೂನಿನ ಬಗ್ಗೆ. 1983ರ ವಲಸೆ ಕಾಯ್ದೆಯಡಿ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಸರ್ಕಾರದ ವಲಸೆ ಅನುಮತಿಯ ವ್ಯವಸ್ಥೆ ಇದೆ. ಹತ್ತನೆಯ ತರಗತಿ ಪಾಸಾಗದವರು ಈ ಅನುಮತಿ ಪಡೆಯಬೇಕು. ನರ್ಸ್ ಆದರೆ ಎಷ್ಟು ಓದಿದ್ದರೂ ಪಡೆಯಬೇಕು. ಪಟ್ಟಿಯಲ್ಲಿ ಸೌದಿ, ಕುವೈತ್, ಕತಾರ್ ಇವೆ. ಇರಾಕ್, ಲಿಬಿಯಾ, ಯೆಮನ್, ಸಿರಿಯಾ, ಲೆಬನಾನ್ ಇವೆ. ಇಸ್ರೇಲ್ ಇಲ್ಲ. ಅಂದರೆ ಗಡಿಯ ಆ ಬದಿಗೆ ಹೋಗುವವಳ ಒಪ್ಪಂದವನ್ನು ಸರ್ಕಾರ ನೋಡುತ್ತದೆ, ಈ ಬದಿಗೆ ಬರುವವಳದ್ದನ್ನು ನೋಡುವ ಕಟ್ಟುಪಾಡಿಲ್ಲ. ಆ ಅನುಮತಿಯ ಜೊತೆಗೆ ಕಡ್ಡಾಯವಾಗಿ ಬರುವ ಪ್ರವಾಸಿ ಭಾರತೀಯ ವಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆಯೂ ನಮಗೆ ತಾನಾಗಿ ಸಿಗುವುದಿಲ್ಲ. ಕೆಲವರು ಖಾಸಗಿ ವಿಮೆ ಮಾಡಿಸಿಕೊಂಡಿದ್ದಾರೆ. ಅಂಥ ಪಾಲಿಸಿಯೊಂದರ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಯುದ್ಧದಿಂದಾದ ಸಾವಿಗೆ ಪರಿಹಾರವಿಲ್ಲ ಎಂದಿತ್ತು. ನಮಗೆ ವಿಮೆ ಬೇಕಾಗಿರುವುದೇ ಅದಕ್ಕೆ!

ಹಳೆಯ ಕಾಯ್ದೆಯ ಬದಲಿಗೆ ಹೊಸ ಕಾಯ್ದೆ ತರಲು ವಿದೇಶಾಂಗ ಸಚಿವಾಲಯ 2025ರಲ್ಲಿ ಕರಡು ಮಸೂದೆಯನ್ನು ಸಾರ್ವಜನಿಕರ ಮುಂದೆ ಇಟ್ಟಿದೆ. ಅದು ಚರ್ಚೆಗೆ ಬರುವಾಗ ಕರಾವಳಿಯ ಸಂಸದರು ಎದ್ದು ನಿಂತು ಕೇಳಬೇಕಾದದ್ದು ಇದು: ಯುದ್ಧದ ಭೀತಿಯಿರುವ ಯಾವುದೇ ದೇಶಕ್ಕೆ ಕೆಲಸಕ್ಕೆ ಹೋಗುವವರ ಒಪ್ಪಂದ ಸರ್ಕಾರದ ಕಣ್ಣಿಗೆ ಬೀಳಬೇಕು, ಕೆಲಸದ ಮನೆಯಲ್ಲಿ ಅಥವಾ ಒಂದು ನಿಮಿಷದ ದಾರಿಯೊಳಗೆ ರಕ್ಷಣಾ ಕೋಣೆ ಇದೆಯೇ ಎಂಬುದು ಅದರಲ್ಲಿ ಬರಹದಲ್ಲಿರಬೇಕು, ಯುದ್ಧದ ಸಾವು, ಅಂಗವೈಕಲ್ಯಕ್ಕೂ ಅನ್ವಯಿಸುವ ವಿಮೆ ಕಡ್ಡಾಯವಾಗಬೇಕು. ಇಸ್ರೇಲಿನೊಂದಿಗೆ ಕಾರ್ಮಿಕರ ಬಗ್ಗೆ 2023ರಲ್ಲೇ ಒಪ್ಪಂದವಾಗಿದೆ. ಸರ್ಕಾರವೇ ಸ್ಥಳಾಂತರಿಸಿದ ಕೆಲಸಗಾರನ ವೀಸಾ ಮತ್ತು ಕೆಲಸದ ಹಕ್ಕು ಕೆಲವು ತಿಂಗಳಾದರೂ ಉಳಿಯಬೇಕು ಎಂಬ ಮಾತನ್ನು ಆ ಮಾತುಕತೆಯಲ್ಲಿ ಸೇರಿಸುವುದು ಅಸಾಧ್ಯವೇನಲ್ಲ. ಕೆಲಸಗಾರರ ಅಗತ್ಯ ಅವರಿಗೂ ಇದೆ, ಬೇಡುವ ಸ್ಥಿತಿಯಲ್ಲಿ ನಾವೊಬ್ಬರೇ ಇಲ್ಲ.

ಮುಖ್ಯಮಂತ್ರಿಗಳೇ, ಎಲ್ಲವನ್ನೂ ದೆಹಲಿಗೆ ದಾಟಿಸುವ ಹಾಗಿಲ್ಲ. ಸಹಕಾರಿ ಸಂಘಗಳು ರಾಜ್ಯದ ಕೈಯಲ್ಲಿವೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಸ್ಥಳಾಂತರದ ಕಾರ್ಯಾಚರಣೆ ಘೋಷಣೆಯಾದ ದೇಶದಲ್ಲಿರುವವರ ಸಾಲಕ್ಕೆ ಆರು ತಿಂಗಳು ಕಂತು ಮತ್ತು ನೋಟಿಸು ತಡೆಯುವ ಆದೇಶವನ್ನು ರಾಜ್ಯ ಈಗಲೇ ಸಿದ್ಧಪಡಿಸಿ ಇಟ್ಟುಕೊಳ್ಳಬಹುದು. ಸಾಲ ಮನ್ನಾ ಕೇಳುತ್ತಿಲ್ಲ, ಉಸಿರಾಡಲು ಸಮಯ ಕೇಳುತ್ತಿದ್ದೇವೆ. ಅಷ್ಟು ಸಿಕ್ಕರೆ ಮುಂದಿನ ಸಲ ವಿಮಾನ ಬಂದಾಗ ಹತ್ತಬೇಕೇ ಬೇಡವೇ ಎಂಬುದನ್ನು ನಾವು ಸುರಕ್ಷತೆ ನೋಡಿ ತೀರ್ಮಾನಿಸುತ್ತೇವೆ.

ಪಕ್ಕದ ಕೇರಳದಲ್ಲಿ ಹೊರದೇಶದಲ್ಲಿರುವವರಿಗೆಂದು 1996ರಲ್ಲೇ ಪ್ರತ್ಯೇಕ ಇಲಾಖೆ ಆಯಿತು. ನೋರ್ಕಾ ಎಂಬ ಆ ಇಲಾಖೆಯ ಗುರುತಿನ ಚೀಟಿ, ಅದರ ಜೊತೆಗಿನ ಅಪಘಾತ ವಿಮೆ, ಸಹಾಯವಾಣಿ ಇವೆಲ್ಲ ಇಲ್ಲಿರುವ ಮಲಯಾಳಿ ಗೆಳತಿಯರಿಗೆ ಬಾಯಿಪಾಠ. ನಮ್ಮಲ್ಲಿಯೂ ಅನಿವಾಸಿ ಭಾರತೀಯ ಸಮಿತಿ ಇದೆ. ಆದರೆ ಅನಿವಾಸಿ ಎಂದೊಡನೆ ಹೂಡಿಕೆ ತರುವ ಅಮೆರಿಕದ ಕನ್ನಡಿಗರು ನೆನಪಾಗುವ ಅಭ್ಯಾಸ ನಮ್ಮ ವೇದಿಕೆಗಳಿಗೆ ಇದೆ. ಡಯಾಪರ್ ಬದಲಿಸಿ ಮನೆಗೆ ಹಣ ಕಳುಹಿಸುವವರೂ ಅನಿವಾಸಿಗಳೇ. ಉಡುಪಿ ಮತ್ತು ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಗಳಲ್ಲಿ ಒಂದೊಂದು ಮೇಜು, ಅಲ್ಲೊಬ್ಬ ಗುಮಾಸ್ತ, ನಮ್ಮ ಹೆಸರು, ಇಲ್ಲಿಯ ವಿಳಾಸ, ಮನೆಯವರ ದೂರವಾಣಿ ಸಂಖ್ಯೆ ಇರುವ ಒಂದು ಪಟ್ಟಿ. ಇಷ್ಟಕ್ಕೆ ಎಷ್ಟು ಖರ್ಚಾದೀತು? ಯುದ್ಧದ ದಾಳಿಯಲ್ಲಿ ಸತ್ತವರಿಗೆ, ಗಾಯಗೊಂಡವರಿಗೆ ಇಸ್ರೇಲಿನ ರಾಷ್ಟ್ರೀಯ ವಿಮಾ ಸಂಸ್ಥೆ ಪರಿಹಾರ ಕೊಡುತ್ತದೆ. ಕಾನೂನುಬದ್ಧವಾಗಿ ಬಂದ ವಿದೇಶಿ ಕಾರ್ಮಿಕರಿಗೂ ಅದು ಸಿಗುತ್ತದೆ. ನನಗೇನಾದರೂ ಆದರೆ ಅದಕ್ಕೆ ಅರ್ಜಿ ಎಲ್ಲಿ, ಹೇಗೆ ಹಾಕಬೇಕೆಂದು ಕುಂದಾಪುರದ ಹಳ್ಳಿಯಲ್ಲಿರುವ ನನ್ನ ಅಪ್ಪನಿಗೆ ಹೇಳಿಕೊಡುವವರು ಯಾರು? ಆ ಮೇಜಿನ ಗುಮಾಸ್ತ ಹೇಳಿಕೊಡಲಿ. ಹೊಸದಾಗಿ ಹೊರಡುವ ಹುಡುಗಿಯರು ಅದೇ ಮೇಜಿಗೆ ಬಂದು, ಏಜೆಂಟ್ ನೋಂದಾಯಿತನೇ, ಕೆಲಸದ ಊರು ಗಡಿಯಿಂದ ಎಷ್ಟು ದೂರ ಎಂದು ವಿಚಾರಿಸಿಕೊಳ್ಳಲಿ.

ಅಷ್ಟು ಭಯವಿದ್ದರೆ ವಾಪಸ್ ಬರಬಹುದಲ್ಲ ಎಂದು ಕೇಳುವವರು ಇದ್ದಾರೆ, ನಮ್ಮ ನೆಂಟರಲ್ಲೇ ಇದ್ದಾರೆ. ತಮ್ಮನ ಎಂಜಿನಿಯರಿಂಗ್ ಶುಲ್ಕ ಕಟ್ಟಿದ್ದು, ಸೋರುವ ಮಾಡಿಗೆ ಹೊಸ ಹೆಂಚು ಹೊದಿಸಿದ್ದು ಈ ಸಂಬಳ. ಬರುತ್ತೇವೆ, ಸಾಲ ಮುಗಿದ ಮೇಲೆ. ಅಲ್ಲಿಯವರೆಗೆ ಈ ಕೆಲಸ ಕಡಿಮೆ ಅಪಾಯದಲ್ಲಿ ನಡೆಯಲಿ ಎಂಬುದಷ್ಟೇ ಬೇಡಿಕೆ.

ನನ್ನ ಹೆಸರನ್ನು ಇಲ್ಲಿ ಹಾಕಿಲ್ಲ. ಕೆಲಸದ ಮನೆಯವರಿಗೆ, ಏಜೆನ್ಸಿಗೆ ಇದು ತಿಳಿಯುವುದು ನನಗೆ ಒಳ್ಳೆಯದಲ್ಲ. ಮುಂದಿನ ಲೋಕಸಭಾ ಅಧಿವೇಶನದಲ್ಲಿ ಕರಾವಳಿಯ ಸಂಸದರೊಬ್ಬರಾದರೂ ಇಸ್ರೇಲಿನ ಕೇರ್‌ಗಿವರ್‌ಗಳ ವಿಮೆ ಮತ್ತು ಒಪ್ಪಂದದ ಬಗ್ಗೆ ಲಿಖಿತ ಪ್ರಶ್ನೆ ಹಾಕಲಿ. ಕಂತು ತಡೆಯುವ ಆದೇಶದ ಕರಡನ್ನು ಸಹಕಾರ ಇಲಾಖೆಯಿಂದ ಮುಖ್ಯಮಂತ್ರಿಗಳು ತರಿಸಿಕೊಳ್ಳಲಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಪಟ್ಟಿ ತೆರೆದ ದಿನ ಹೆಸರು, ವಿಳಾಸ, ಪಾಸ್‌ಪೋರ್ಟ್ ಸಂಖ್ಯೆಯೊಂದಿಗೆ ನಾವೇ ಅರ್ಜಿ ಕಳುಹಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕುಂದಾಪುರ ತಾಲ್ಲೂಕಿನ ಒಬ್ಬ ಹೋಮ್ ನರ್ಸ್
ಇಸ್ರೇಲ್